ಧರ್ಮಾಂಬುಧಿಯ ದಡದ ರೈಲ್ವೆ ಸಂಧಿಸ್ಥಾನ

ನಗರಗಳ ಚರಿತ್ರೆಯನ್ನು ಬರೆಯುವವರು ಕೋಟೆ, ದೇವಾಲಯ, ಶಾಸನ, ದಾನಪತ್ರ ಇವುಗಳನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ರೈಲ್ವೆ ನಿಲ್ದಾಣಗಳು ವಿದ್ವಾಂಸರ ದೃಷ್ಟಿಗೆ ಸಾಮಾನ್ಯವಾಗಿ ಬೀಳುವುದಿಲ್ಲ. ಅವು ಇಂಜಿನಿಯರುಗಳ ವಿಷಯವೆಂದು ಬಿಟ್ಟುಬಿಡುವುದುಂಟು. ಆದರೆ ಒಂದು ಊರಿನಲ್ಲಿ ಎರಡು ದಾರಿಗಳು ಎಲ್ಲಿ ಕೂಡಿದುವು, ಅಲ್ಲಿಯೇ ಏಕೆ ಕೂಡಿದುವು, ಕೂಡಿದಾಗ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬ ಪ್ರಶ್ನೆಗಳು ಚರಿತ್ರಕಾರನಿಗೆ ಹೇಗೋ ಹಾಗೆ ವೈಯಾಕರಣನಿಗೂ ಪರಿಚಿತವಾದುವು. ಎರಡು ವರ್ಣಗಳು ಅತ್ಯಂತ ಸಮೀಪಕ್ಕೆ ಬಂದಾಗ ಉಂಟಾಗುವ ವಿಕಾರವು ಸಂಧಿಯೆನಿಸುತ್ತದೆ. ಆ ವಿಕಾರವು ಕೆಲವೆಡೆ ಲೋಪ, ಕೆಲವೆಡೆ ಆಗಮ, ಕೆಲವೆಡೆ ಆದೇಶ. ಎರಡು ವರ್ಣಗಳು ಮಗ್ಗುಲಲ್ಲಿಯೇ ಇದ್ದರೂ ಬೆರೆಯದೆ ತಮ್ಮ ತಮ್ಮ ರೂಪದಲ್ಲಿ ನಿಲ್ಲುವುದೂ ಉಂಟು. ಅದಕ್ಕೆ ಪ್ರಕೃತಿಭಾವವೆಂದು ಸಂಜ್ಞೆ. ಶಬ್ದಮಣಿದರ್ಪಣವನ್ನು ಪಾಠ ಹೇಳುವವರಿಗೆ ಈ ನಾಲ್ಕು ಮಾತುಗಳನ್ನು ವಿವರಿಸಬೇಕಾದುದಿಲ್ಲ.

ಬೆಂಗಳೂರಿನ ಪಡುವಣ ಭಾಗದಲ್ಲಿ, ಜನರು ಒಮ್ಮೆ ಸಿಟಿ ಸ್ಟೇಷನ್ ಎಂದೂ ಒಮ್ಮೆ ಮೆಜೆಸ್ಟಿಕ್ ಎಂದೂ ಕರೆಯುವ ಸ್ಥಳವು ಇಂತಹ ಸಂಧಿಗೆ ಒಳ್ಳೆಯ ನಿದರ್ಶನ. ಇಂದು ಅಲ್ಲಿ ದೇಶದ ದೊಡ್ಡ ರೈಲು, ಭೂಮಿಯೊಳಗಿನ ನಗರರೈಲು, ಊರೂರಿಗೆ ಹೋಗುವ ಬಸ್ಸು ಎಲ್ಲವೂ ಒಂದೆಡೆ ಸೇರಿವೆ. ಇದನ್ನು ನೋಡಿದವರಿಗೆ ಯಾರೋ ಒಬ್ಬರು ಮುಂಚಿತವಾಗಿ ಯೋಚಿಸಿ ಎಲ್ಲವನ್ನೂ ಒಂದು ಕಡೆ ಕೂಡಿಸಿದರೆಂದು ತೋರಬಹುದು. ಚರಿತ್ರೆಯು ಹಾಗೆ ಹೇಳುವುದಿಲ್ಲ. ಇದು ಕೂಡಿಸಿದುದರಿಂದ ಆದ ನಿಲ್ದಾಣವಲ್ಲ, ಕೂಡದೆ ಇದ್ದುದರಿಂದ ಆದ ನಿಲ್ದಾಣ. ಒಂದರ ಮೇಲೆ ಓಡುವ ಗಾಡಿ ಇನ್ನೊಂದರ ಮೇಲೆ ಓಡಲಾರದಂತಹ ಎರಡು ಬಗೆಯ ಕಂಬಿಗಳು ಇಲ್ಲಿ ಎದುರುಬದುರಾಗಿ ನಿಂತುವು; ಆ ಎಡೆಯನ್ನು ಮನುಷ್ಯನು ತನ್ನ ಕಾಲಿನಿಂದಲೂ ತಲೆಯ ಹೊರೆಯಿಂದಲೂ ತುಂಬಿದನು. ಅವನ ಓಡಾಟದಿಂದಲೇ ಸುತ್ತಲಿನ ಊರು ಬೆಳೆಯಿತು. ಆ ಬೆಳವಣಿಗೆಯಲ್ಲಿ ಒಂದು ಕೆರೆ ಇಲ್ಲವಾಯಿತು. ಈ ಕ್ರಮವನ್ನು ಕಾಲಾನುಸಾರವಾಗಿ ನಿರೂಪಿಸುವುದು ಪ್ರಕೃತ ಪ್ರಬಂಧದ ಉದ್ದೇಶ.

೧. ಕೆರೆಯೂ ಪೇಟೆಯೂ

ಯಲಹಂಕದ ನಾಡಪ್ರಭುಗಳಲ್ಲಿ ಪ್ರಸಿದ್ಧನಾದ ಹಿರಿಯ ಕೆಂಪೇಗೌಡನು ಬೆಂಗಳೂರಿನ ಪೇಟೆಯನ್ನು ಕ್ರಿ. ಶ. ೧೫೩೭ರಲ್ಲಿ ಕಟ್ಟಿದನೆಂಬುದು ರೂಢಿಯಲ್ಲಿರುವ ಲೆಕ್ಕ. ಬೆಂಗಳೂರು ದೊಡ್ಡ ನದಿಯ ದಡದ ಊರಲ್ಲ. ಅದು ನೀರು ಎರಡು ಕಡೆಗೆ ಇಳಿಯುವ ಏರುನೆಲದ ಮೇಲಿದೆ: ಪಡುವಣಕ್ಕೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ಸೇರುತ್ತದೆ, ಮೂಡಣಕ್ಕೆ ಬಿದ್ದುದು ದಕ್ಷಿಣ ಪಿನಾಕಿನಿಯ ಕಡೆಗೆ ಹರಿಯುತ್ತದೆ. ಇಂತಹ ನೆಲದಲ್ಲಿ ಊರು ಕಟ್ಟಬೇಕಾದರೆ ಕೆರೆ ಕಟ್ಟಲೇಬೇಕು. ಪೇಟೆಯ ವಾಯವ್ಯದ ತಗ್ಗಿನಲ್ಲಿ ಕಟ್ಟಿದ ಧರ್ಮಾಂಬುಧಿಯನ್ನು ಐತಿಹ್ಯವು ಕೆಂಪೇಗೌಡನ ಕೆಲಸವೆಂದೇ ಹೇಳುತ್ತದೆ.

ಕೆರೆಯ ಹೆಸರೂ ಗಮನಿಸತಕ್ಕುದು. ಅಂಬುಧಿಯೆಂದರೆ ನೀರನ್ನು ಧರಿಸುವುದು, ಅರ್ಥಾತ್ ಸಮುದ್ರ. ಧರ್ಮ ಎಂಬುದರ ಕಡೆಯ ಅಕಾರವೂ ಅಂಬುಧಿ ಎಂಬುದರ ಮೊದಲ ಅಕಾರವೂ ಸೇರಿ ದೀರ್ಘವಾಗಿ ಧರ್ಮಾಂಬುಧಿಯಾಯಿತು. ಕೆರೆಯನ್ನು ಕಟ್ಟಿಸುವುದು ಸಪ್ತಸಂತಾನಗಳಲ್ಲಿ ಒಂದೆಂದು ಗಣಿಸಿದ ಜನರ ಮನಸ್ಸು ಈ ಹೆಸರಿನಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಬಹುಭಾಗದಲ್ಲಿ ಪೇಟೆಯ ಜನರಿಗೆ ಕುಡಿಯುವ ನೀರು ಒದಗುತ್ತಿದ್ದ ಮುಖ್ಯ ಕೆರೆಗಳಲ್ಲಿ ಇದೊಂದಾಗಿದ್ದಿತು. ನಗರದೇವತೆಯೆಂದು ಪೂಜೆಗೊಳ್ಳುವ ಅಣ್ಣಮ್ಮನ ಗುಡಿ ಈ ಕೆರೆಯ ಬಳಿಯದು. ಗುಡಿ ಇಂದಿಗೂ ಉಂಟು.

೨. ದಂಡಿನ ರೈಲು

೧೮೦೯ರಲ್ಲಿ ಶ್ರೀರಂಗಪಟ್ಟಣದಿಂದ ಇಂಗ್ಲಿಷರ ಸೈನ್ಯವು ಬೆಂಗಳೂರಿಗೆ ಬಂದು ಪೇಟೆಯ ಈಶಾನ್ಯದಲ್ಲಿ ನೆಲೆಸಿತು. ಜನರು ಅದನ್ನು ದಂಡು ಎಂದರು. ಅಂದಿನಿಂದ ಬೆಂಗಳೂರು ಒಂದು ಹೆಸರಿನ ಎರಡು ಊರಾಯಿತು. ೧೮೩೧ರಲ್ಲಿ ಮೈಸೂರಿನ ಆಡಳಿತವು ಕಮಿಷನರುಗಳ ಕೈಗೆ ಹೋದ ಮೇಲೆ ಎರಡಕ್ಕೂ ಒಬ್ಬನೇ ಒಡೆಯನಿದ್ದನಾದರೂ, ೧೮೬೨ರಲ್ಲಿ ಪುರಸಭೆಗಳನ್ನು ಏರ್ಪಡಿಸಿದಾಗ ಪೇಟೆಗೊಂದು ದಂಡಿಗೊಂದು ಎಂದು ಬೇರೆ ಬೇರೆಯಾಗಿಯೇ ಏರ್ಪಡಿಸಿದರು.

ದಕ್ಷಿಣ ದೇಶದಲ್ಲಿ ಮೊದಲ ರೈಲುದಾರಿ ೧೮೫೬ರಲ್ಲಿ ಮದರಾಸಿನ ರಾಯಪುರದಿಂದ ವಾಲಾಜಾ ರಸ್ತೆಯವರೆಗೆ ತೆರೆಯಿತು. ಅದನ್ನು ಕಟ್ಟಿದುದು ಮದರಾಸು ರೈಲ್ವೆ ಕಂಪೆನಿ. ಆ ದಾರಿ ಪಡುವಣ ಸಮುದ್ರದ ಕಡೆಗೆ ಬೆಳೆಯುತ್ತ ಹೋದಾಗ ಜೋಲಾರ್‌ಪೇಟೆಯಿಂದ ಒಂದು ಕವಲು ಬೆಂಗಳೂರಿಗೆ ಹತ್ತಿತು. ೧೮೬೪ರಲ್ಲಿ ಆ ಕವಲು ಮುಗಿಯಿತು. ಆದರೆ ಅದು ಮುಗಿದುದು ಪೇಟೆಯಲ್ಲಿ ಅಲ್ಲ, ದಂಡಿನಲ್ಲಿ. ಪೇಟೆಯ ವರ್ತಕನು ಮದರಾಸಿಗೆ ಸರಕು ಕಳುಹಬೇಕಾದರೆ ಮೊದಲು ಎತ್ತಿನ ಗಾಡಿಯಲ್ಲಿ ಮೂಡಣಕ್ಕೆ ಹೋಗಿ ದಂಡನ್ನು ಮುಟ್ಟಬೇಕಾಗಿದ್ದಿತು. ದಂಡು ರೈಲ್ವೆ ನಿಲ್ದಾಣವೆಂಬ ಹೆಸರು ಇಂದಿಗೂ ಉಳಿದು, ರೈಲು ಬೆಂಗಳೂರಿಗೆ ಮೊದಲು ಯಾರಿಗಾಗಿ ಬಂದಿತೆಂಬುದಕ್ಕೆ ಸಾಕ್ಷಿಯಾಗಿದೆ.

ಮದರಾಸಿನಿಂದ ಬಂದ ಈ ದಾರಿಯ ಎರಡು ಕಂಬಿಗಳ ನಡುವಣ ಅಂತರವು ಐದು ಅಡಿ ಆರು ಅಂಗುಲ. ಇದನ್ನು ಬ್ರಾಡ್‌ಗೇಜೆಂದು ಕರೆಯುತ್ತಾರೆ. ಡಾಲ್‌ಹೌಸಿಯ ಕಾಲದಲ್ಲಿ ಹಿಂದೂದೇಶಕ್ಕೆಲ್ಲ ಈ ಒಂದೇ ಅಳತೆ ಇರಬೇಕೆಂದು ನಿಶ್ಚಯವಾಗಿದ್ದಿತು. ಆ ನಿಶ್ಚಯವು ಬಹುಕಾಲ ನಿಲ್ಲಲಿಲ್ಲ. ಅಗಲವಾದ ದಾರಿಗೆ ತಗಲುವ ವೆಚ್ಚವನ್ನು ಕಂಡು ಮೇಯೋ ಪ್ರಭುವಿನ ಸರ್ಕಾರವು ೧೮೭೦ರ ಸುಮಾರಿನಲ್ಲಿ ಇನ್ನೊಂದು ಅಳತೆಯನ್ನು ಒಪ್ಪಿತು. ಅದು ಒಂದು ಮೀಟರು, ಎಂದರೆ ಮೂರು ಅಡಿ ಮೂರು ಅಂಗುಲಕ್ಕೆ ಸ್ವಲ್ಪ ಹೆಚ್ಚು. ಎರಡಕ್ಕೂ ಇರುವ ಭೇದ ಸುಮಾರು ಎರಡೂಕಾಲು ಅಡಿ. ಮಿತವ್ಯಯಕ್ಕಾಗಿ ಮಾಡಿದ ಈ ತೀರ್ಮಾನದ ಫಲವನ್ನು ಬೆಂಗಳೂರು ಮುಂದೆ ನೂರು ವರ್ಷಕ್ಕೂ ಮಿಕ್ಕು ಅನುಭವಿಸಿತು.

೩. ಕ್ಷಾಮವೂ ಮೈಸೂರಿನ ದಾರಿಯೂ

೧೮೭೬ರಿಂದ ೧೮೭೮ರವರೆಗೆ ದಕ್ಷಿಣವನ್ನು ಆವರಿಸಿದ ಮಹಾಕ್ಷಾಮದ ವಿಷಯವು ಸುಪರಿಚಿತವೇ ಆಗಿದೆ. ೧೮೭೧ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿದ್ದಿತು. ಹೊರಗಿನಿಂದ ಧಾನ್ಯವು ರೈಲಿನಲ್ಲಿ ಬೆಂಗಳೂರಿನವರೆಗೆ ಬರಬಲ್ಲುದಾಗಿದ್ದಿತು. ಆದರೆ ರೈಲು ಬೆಂಗಳೂರಿನಲ್ಲಿಯೇ ನಿಂತುಹೋಗುತ್ತಿದ್ದಿತು. ಅಲ್ಲಿಂದ ಒಳನಾಡಿಗೆ ಎತ್ತಿನ ಗಾಡಿಯೇ ಗತಿ. ಮೇವು ನೀರುಗಳಿಲ್ಲದೆ ಎತ್ತುಗಳೇ ಸಾಯುತ್ತಿದ್ದ ಕಾಲದಲ್ಲಿ ಗಾಡಿ ಹೂಡುವುದೆಂತು? ದಾರಿ ಅರ್ಧಕ್ಕೆ ನಿಂತರೆ ಅನ್ನವೂ ಅರ್ಧಕ್ಕೆ ನಿಲ್ಲುತ್ತದೆಂಬುದು ಆಗ ಪ್ರತ್ಯಕ್ಷವಾಯಿತು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ೮೬ ಮೈಲಿಯ ದಾರಿಯು ಈ ಕ್ಷಾಮದ ಕೂಸು. ಹೊಟ್ಟೆಗಿಲ್ಲದ ಜನರಿಗೆ ಕೂಲಿ ಕೊಡಬೇಕೆಂಬ ಉದ್ದೇಶದಿಂದಲೂ ಅದರ ಮಣ್ಣಿನ ಕೆಲಸವು ನಡೆಯಿತು. ಸಂಸ್ಥಾನದ ಹಣದಿಂದ ಕಟ್ಟಿದ ದಾರಿಯಾದುದರಿಂದ ಕಡಿಮೆ ವೆಚ್ಚದ ಮೀಟರ್‌ಗೇಜನ್ನು ಆರಿಸಿದರು. ಮೊದಲ ಭಾಗವು ೧೮೮೧ರಲ್ಲಿ ತೆರೆಯಿತು. ೧೮೮೨ರ ಫೆಬ್ರವರಿಯಲ್ಲಿ ರೈಲು ಮೈಸೂರನ್ನು ಮುಟ್ಟಿತು. ೧೮೮೧ರ ಮಾರ್ಚಿ ೨೫ರಂದು ಹತ್ತನೆಯ ಚಾಮರಾಜ ಒಡೆಯರಿಗೆ ರಾಜ್ಯವು ಹಿಂದಿರುಗಿತು, ದಿವಾನರು ಸಿ. ರಂಗಾಚಾರ್ಲು ಅವರು. ರಾಜ್ಯವು ಮರಳಿದರೂ ದಂಡು ಮರಳಲಿಲ್ಲ. ಅದನ್ನು ಇಂಗ್ಲಿಷರು ತಮ್ಮ ವಶದಲ್ಲಿಯೇ ಇಟ್ಟುಕೊಂಡರು.

ಮೈಸೂರಿನ ದಾರಿಗೆ ಆರಂಭಸ್ಥಾನವಾಗಿ ದೊರೆತುದು ಪೇಟೆಯ ಹೊರಗೆ, ಧರ್ಮಾಂಬುಧಿಯ ಪಡುವಣ ಕಡೆಯ ಬಯಲು. ಮದರಾಸಿನ ದಾರಿಯು ದಂಡಿನಲ್ಲಿ ನಿಂತಿದ್ದರೆ ಎರಡರ ನಡುವೆ ಇಡೀ ಊರೇ ಅಡ್ಡವಾಗುತ್ತಿದ್ದಿತು. ಆದುದರಿಂದ ೧೮೮೨ರಲ್ಲಿ ಬ್ರಾಡ್‌ಗೇಜನ್ನು ದಂಡಿನಿಂದ ಮುಂದಕ್ಕೆ ತಂದು ಇದೇ ಬಯಲಿಗೆ ಮುಟ್ಟಿಸಿದರು. ಹೀಗೆ ಬೆಂಗಳೂರು ಸಿಟಿ ನಿಲ್ದಾಣವು ಹುಟ್ಟಿತು. ವ್ಯಾಕರಣದಲ್ಲಿ ಸಂಧಿಗೆ ಮೊದಲು ಸಾಮೀಪ್ಯ ಬೇಕು. ಆ ಸಾಮೀಪ್ಯವು ೧೮೮೨ರಲ್ಲಿ ಒದಗಿತು. ಸಂಧಿಯು ಮಾತ್ರ ಆಗಲಿಲ್ಲ.

೪. ಪ್ರಕೃತಿಭಾವ

ಅಗಲದ ಕಂಬಿಯ ಮೇಲೆ ಮದರಾಸಿನಿಂದ ಬಂದ ಗಾಡಿ ಇಲ್ಲಿಗೆ ನಿಲ್ಲಬೇಕು. ಕಿರಿದಾದ ಕಂಬಿಯ ಮೇಲೆ ಮೈಸೂರಿಗೆ ಹೋಗುವ ಗಾಡಿ ಇಲ್ಲಿಂದಲೇ ಹೊರಡಬೇಕು. ಒಂದರ ಗಾಲಿ ಇನ್ನೊಂದರ ಹಳಿಗೆ ಹೊಂದದು. ಮದರಾಸಿನಿಂದ ಮೈಸೂರಿಗೆ ಹೋಗುವವನು ಬೆಂಗಳೂರಿನಲ್ಲಿ ಇಳಿದು, ಗಂಟುಮೂಟೆಗಳನ್ನು ಹೊತ್ತು ಅಥವಾ ಹೊರಿಸಿ, ಮತ್ತೊಂದು ಗಾಡಿಯನ್ನು ಹತ್ತಬೇಕಾಗಿದ್ದಿತು. ಸರಕಿನ ಕಷ್ಟವು ಇನ್ನೂ ಹೆಚ್ಚಿನದು. ಒಂದು ವ್ಯಾಗನ್ನಿನಲ್ಲಿ ಬಂದ ಅಕ್ಕಿ, ಉಪ್ಪು, ಹತ್ತಿ, ಎಣ್ಣೆಯ ಡಬ್ಬ ಎಲ್ಲವನ್ನೂ ಕೈಯಿಂದ ಇಳಿಸಿ ಬೇರೊಂದು ವ್ಯಾಗನ್ನಿಗೆ ತುಂಬಬೇಕು. ಗೇಜು ಒಡೆದೆಡೆಯಲ್ಲೆಲ್ಲ ಹೀಗೆಯೇ: ಕಾಲ ಹೋಗುತ್ತದೆ, ಚೀಲ ಹರಿಯುತ್ತದೆ, ಕೂಲಿ ಬೀಳುತ್ತದೆ. ಪ್ರಯಾಣಿಕನಿಗೂ ವರ್ತಕನಿಗೂ ನಷ್ಟವಾದುದೇ ಹಮಾಲಿಗೆ ಜೀವನವಾಯಿತು. ಎರಡು ಕಂಬಿಗಳ ಅಳತೆಯ ಭೇದವನ್ನು ಎಣಿಸಿದ ದಾಖಲೆಗಳು ಅಳತೆಯ ನಡುವೆ ನಡೆದಾಡಿದ ಈ ಜನರನ್ನು ಹೆಸರಿಟ್ಟು ಹೇಳುವುದಿಲ್ಲ. ನಿಲ್ದಾಣವು ಸಂಧಿಯಾಗಿದ್ದುದು ಮಾತ್ರ ಅವರಿಂದಲೇ.

ಈ ಕಾಲದಲ್ಲಿ ಮೀಟರ್‌ಗೇಜಿನ ದಾರಿಗಳು ಬೇಗಬೇಗನೆ ಹೆಚ್ಚಿದುವು. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಹೋಯಿತು. ಸಂಸ್ಥಾನಕ್ಕೆ ಸಾಲದ ಹೊರೆ ಭಾರವಾಗಲು, ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, ೧೮೮೬ರಲ್ಲಿ ದಾರಿಗಳ ನಿರ್ವಹಣವನ್ನು ಸದರನ್ ಮರಾಠಾ ರೈಲ್ವೆ ಕಂಪೆನಿಗೆ ವಹಿಸಲಾಯಿತು. ೧೮೮೯ರ ವೇಳೆಗೆ ದಾರಿಯು ಹರಿಹರದವರೆಗೆ ಮುಗಿದು ಹುಬ್ಬಳ್ಳಿಯ ಕಡೆಯ ದಾರಿಯೊಂದಿಗೆ ಸೇರಿತು. ಆ ಕಂಪೆನಿಯ ಮುಖ್ಯ ಕಛೇರಿ ಧಾರವಾಡದಲ್ಲಿದ್ದಿತು. ಮುಂದೆ ಕರ್ನಾಟಕ ಕಾಲೇಜಿಗೆ ನೆಲೆಯಾದ ಕಟ್ಟಡವೇ ಅದು. ೧೮೯೦ರ ದಶಕದಲ್ಲಿ ಹಿಂದೂಪುರದ ಮೂಲಕ ಗುಂತಕಲ್ಲಿನ ಕಡೆಗೂ ಮೀಟರ್‌ಗೇಜು ಹೋಯಿತು.

ಇಲ್ಲಿ ಸಾಹಿತ್ಯಾಭ್ಯಾಸಿಗಳು ಗಮನಿಸಬೇಕಾದ ಒಂದು ವಿಷಯವುಂಟು. ಬ್ರಾಡ್‌ಗೇಜು ಬೆಂಗಳೂರನ್ನು ಮದರಾಸಿಗೆ ಕಟ್ಟಿತು. ಮೀಟರ್‌ಗೇಜು ಬೆಂಗಳೂರನ್ನು ಮೈಸೂರು, ತುಮಕೂರು, ಹರಿಹರ, ಹುಬ್ಬಳ್ಳಿ, ಧಾರವಾಡಗಳಿಗೆ ಕಟ್ಟಿತು. ಆಗ ಧಾರವಾಡವು ಮುಂಬಯಿ ಆಧಿಪತ್ಯದಲ್ಲಿ, ಮೈಸೂರು ಸಂಸ್ಥಾನದಲ್ಲಿ; ಕನ್ನಡಿಗರಿಗೆ ಒಂದು ಸರ್ಕಾರವಿರಲಿಲ್ಲ. ಆದರೆ ಒಂದು ಅಳತೆಯ ಕಂಬಿ ಇದ್ದಿತು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತು ಸ್ಥಾಪಿತವಾಯಿತು. ಮೊದಲ ಎರಡು ಸಮ್ಮೇಳನಗಳು ಬೆಂಗಳೂರಿನಲ್ಲಿಯೂ ಮೂರನೆಯದು ೧೯೧೭ರಲ್ಲಿ ಮೈಸೂರಿನಲ್ಲಿಯೂ ನಾಲ್ಕನೆಯದು ೧೯೧೮ರಲ್ಲಿ ಧಾರವಾಡದಲ್ಲಿಯೂ ನಡೆದುವು. ಈ ಮೂರು ಊರುಗಳೂ ಒಂದೇ ಕಿರುಗಂಬಿಯ ಮೇಲಿದ್ದುವು. ರೈಲಿನಿಂದಲೇ ಸಾಹಿತ್ಯದ ಐಕ್ಯವಾಯಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಐಕ್ಯವನ್ನು ಬಯಸಿದವರಿಗೆ ಗಾಡಿ ಬದಲಿಸದೆ ಒಬ್ಬರೂರಿಗೆ ಒಬ್ಬರು ಹೋಗಿಬರುವ ಸೌಕರ್ಯವಿದ್ದಿತೆಂದರೆ ಸಾಕು. ವೆಚ್ಚ ಕಡಿಮೆಯೆಂದು ಆರಿಸಿದ ಅಳತೆಯು ಈ ಒಂದು ಉಪಕಾರವನ್ನು ತಿಳಿಯದೆಯೇ ಮಾಡಿತು.

೫. ಛತ್ರ, ಬಡಾವಣೆ, ಕೆರೆಯ ಲೋಪ

ಗಾಡಿ ಬದಲಿಸುವ ಸ್ಥಳದಲ್ಲಿ ಕಾಯುವುದು ಅನಿವಾರ್ಯ. ಕಾಯುವವನಿಗೆ ನೆರಳು ಬೇಕು. ಗುಬ್ಬಿಯ ವರ್ತಕರಾದ ತೋಟದಪ್ಪನವರು ೧೮೯೭ರಲ್ಲಿ ನಿಲ್ದಾಣದ ಎದುರಿಗೆ ಸ್ಥಾಪಿಸಿದ ಧರ್ಮಛತ್ರವು ಈ ಅಗತ್ಯಕ್ಕೆ ದೊರೆತ ಉತ್ತರ. ಪ್ರಯಾಣಿಕರಿಗೆ ತಂಗಲು ಸ್ಥಳ, ಊರಿಂದ ಓದಲು ಬಂದ ಬಡ ವಿದ್ಯಾರ್ಥಿಗಳಿಗೆ ಆಶ್ರಯ, ಎರಡೂ ಅಲ್ಲಿ ದೊರೆತುವು. ದಾನಿಗೆ ಮಹಾರಾಜರಿಂದ ಧರ್ಮಪ್ರವರ್ತ ಎಂಬ ಬಿರುದು ಬಂದಿತು. ಧರ್ಮದ ಹೆಸರಿನ ಕೆರೆಯೂ ಧರ್ಮದ ಛತ್ರವೂ ಕೆಲವು ಕಾಲ ಒಂದಕ್ಕೊಂದು ನೆರೆಯಾಗಿದ್ದುವು. ಮುನ್ನೂರೈವತ್ತು ವರ್ಷಗಳ ಅಂತರದಲ್ಲಿ ಇಬ್ಬರು ಕನ್ನಡಿಗರು ಒಂದೇ ಸ್ಥಳದಲ್ಲಿ ದಾರಿಹೋಕನಿಗೆ ಏನು ಬೇಕೆಂದು ಆಲೋಚಿಸಿದರು: ಒಬ್ಬನಿಗೆ ನೀರೆಂದು ತೋರಿತು, ಇನ್ನೊಬ್ಬರಿಗೆ ಸೂರೆಂದು ತೋರಿತು.

ಆದರೆ ಆ ಹೊತ್ತಿಗೆ ನೀರಿನ ದಾರಿ ಬೇರೆಯಾಗಿದ್ದಿತು. ೧೮೯೦ರ ದಶಕದಲ್ಲಿ ಅರ್ಕಾವತಿಯ ಹೆಸರುಘಟ್ಟದ ಕೆರೆಯಿಂದ ನಗರಕ್ಕೆ ಕೊಳಾಯಿಯ ನೀರು ಬಂದಿತು. ಮನೆಯ ಮುಂದೆ ನಲ್ಲಿ ಬಂದ ಮೇಲೆ ಕೆರೆಯ ಕಡೆಗೆ ಕೊಡ ಹೊರುವವರು ಕಡಿಮೆಯಾದರು. ಕೊಡ ಹೊರುವವರು ಕಡಿಮೆಯಾದ ಮೇಲೆ ಕಾಲುವೆಯ ಹೂಳನ್ನು ಯಾರು ನೋಡಬೇಕು? ೧೮೯೮ರಲ್ಲಿ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ಕಳುಹಬೇಕಾಗಿ ಬಂದು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದುವು. ನಿಲ್ದಾಣವು ಪೇಟೆಯ ಹೊರಗಿನ ಬಯಲಾಗಿ ಉಳಿಯದೆ, ಬೆಳೆಯುತ್ತಿರುವ ಊರಿನ ನಡುವಾಯಿತು. ಕೆರೆಯು ನಡುವೂರಿನ ಬೆಲೆಬಾಳುವ ತಗ್ಗಾಯಿತು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕೆರೆಯು ಬತ್ತಿ ಮೈದಾನವಾಯಿತು. ಅದಕ್ಕೆ ಸುಭಾಷ್‌ನಗರವೆಂದು ಹೆಸರಾಯಿತು. ಇದೇ ಕಾಲದಲ್ಲಿ ಸಮೀಪದಲ್ಲಿ ಮೆಜೆಸ್ಟಿಕ್ ಎಂಬ ಚಲನಚಿತ್ರಮಂದಿರವು ನಡೆಯುತ್ತಿದ್ದು, ಅದರ ಹೆಸರು ಸುತ್ತಲಿನ ಪ್ರದೇಶಕ್ಕೆಲ್ಲ ಅಂಟಿತು. ೧೯೮೦ರ ದಶಕದಲ್ಲಿ ಆ ಮೈದಾನದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವನ್ನು ಕಟ್ಟಿದರು. ನಾಲ್ಕು ಶತಮಾನಗಳ ಹಿಂದೆ ಕೆರೆಯನ್ನು ಕಟ್ಟಿದವನ ಹೆಸರನ್ನು ಕೆರೆಯು ಹೋದ ನೆಲದ ಮೇಲೆ ಇಟ್ಟರು. ಗೌರವವೂ ವಿಸ್ಮೃತಿಯೂ ಒಂದೇ ಫಲಕದಲ್ಲಿ ಇರಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಕೆರೆಯು ಪೂರ್ತಿಯಾಗಿ ಅಳಿಯಲಿಲ್ಲವೆಂದು ಹೇಳಲು ಒಂದು ಆಧಾರವುಂಟು. ಬಸ್ ನಿಲ್ದಾಣದ ಬಳಿ ಇಂದಿಗೂ ಟ್ಯಾಂಕ್ ಬಂಡ್ ರಸ್ತೆಯೆಂಬ ಬೀದಿ ಇದೆ. ಕೆರೆಯ ಏರಿಯ ರಸ್ತೆ ಎಂದರ್ಥ. ಅಲ್ಲಿ ನಡೆಯುವವರಿಗೆ ಕೆರೆಯೂ ಕಾಣದು, ಏರಿಯೂ ಕಾಣದು. ಲೋಪವಾದ ವರ್ಣವು ಕಿವಿಗೆ ಕೇಳದಿದ್ದರೂ ಅದರ ಸ್ಥಾನವನ್ನು ವೈಯಾಕರಣನು ತಿಳಿಯುವಂತೆ, ಸ್ಥಳನಾಮವನ್ನು ಬಲ್ಲವನು ಈ ಬೀದಿಯಲ್ಲಿ ಕೆರೆಯ ಅಂಚನ್ನು ಗುರುತಿಸಬಹುದು.

೬. ಕಂಬಿಗಳ ಏಕೀಕರಣ

ಬೆಂಗಳೂರಿನಲ್ಲಿ ಎರಡಾಗಿದ್ದುವೆಲ್ಲ ಒಂದಾದ ಕ್ರಮವು ವಿಚಾರಾರ್ಹವಾಗಿದೆ. ೧೯೪೭ರಲ್ಲಿ ದಂಡು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಎರಡು ಪುರಸಭೆಗಳು ಸೇರಿ ಒಂದು ಕಾರ್ಪೊರೇಷನ್ ಆಯಿತು. ೧೯೫೧ರ ಏಪ್ರಿಲ್ ೧೪ರಂದು ಮದರಾಸು ಮತ್ತು ಸದರನ್ ಮರಾಠಾ ರೈಲ್ವೆ, ದಕ್ಷಿಣ ಹಿಂದೂಸ್ಥಾನದ ರೈಲ್ವೆ, ಮೈಸೂರು ಸಂಸ್ಥಾನದ ರೈಲ್ವೆ ಈ ಮೂರೂ ಸೇರಿ ದಕ್ಷಿಣ ರೈಲ್ವೆಯಾಯಿತು. ೧೯೫೬ರಲ್ಲಿ ಕನ್ನಡ ನಾಡು ಒಂದಾಯಿತು. ಒಡೆಯನು ಒಬ್ಬನಾದನು, ಊರು ಒಂದಾಯಿತು, ಕಂಪೆನಿಗಳು ಒಂದಾದುವು, ನಾಡೂ ಒಂದಾಯಿತು. ಸಿಟಿ ನಿಲ್ದಾಣದ ಎರಡು ಕಂಬಿಗಳು ಮಾತ್ರ ಒಂದಾಗಲಿಲ್ಲ. ಕಾಗದದ ಮೇಲೆ ಗೆರೆ ಅಳಿಸುವಷ್ಟು ಸುಲಭವಾಗಿ ನೆಲದ ಮೇಲಿನ ಕಬ್ಬಿಣವನ್ನು ಸರಿಸಲಾಗದು. ಸೇತುವೆಯ ಅಗಲ, ಏರಿಯ ಬಲ, ತಿರುವಿನ ಬಾಗು, ಗಾಡಿ, ಇಂಜಿನು ಯಾವತ್ತೂ ಬದಲಾಗಬೇಕು.

ಗುಂತಕಲ್ಲಿನ ದಾರಿಯು ೧೯೮೦ರ ದಶಕದಲ್ಲಿ ಬ್ರಾಡ್‌ಗೇಜಾಯಿತು. ದೇಶಕ್ಕೆಲ್ಲ ಒಂದೇ ಗೇಜು ಇರಬೇಕೆಂಬ ಯೋಜನೆಯು ೧೯೯೨ರಲ್ಲಿ ಆರಂಭವಾದ ಮೇಲೆ ಮೈಸೂರಿನ ದಾರಿಯೂ ಹುಬ್ಬಳ್ಳಿಯ ದಾರಿಯೂ ಆ ದಶಕದಲ್ಲಿಯೇ ಪರಿವರ್ತಿತವಾದುವು. ಮದರಾಸಿನಿಂದ ಹೊರಟವನು ಬೆಂಗಳೂರಿನಲ್ಲಿ ಇಳಿಯದೆಯೇ ಮೈಸೂರು ಸೇರುವ ಕಾಲ ಬಂದಿತು. ಎರಡು ವರ್ಣಗಳ ಸ್ಥಾನದಲ್ಲಿ ಮೊದಲಿನದರ ರೂಪವೇ ನಿಲ್ಲುವುದನ್ನು ಶಾಸ್ತ್ರವು ಪೂರ್ವರೂಪವೆನ್ನುತ್ತದೆ. ೧೮೬೪ರಲ್ಲಿ ಮೊದಲು ಬಂದ ಅಳತೆಯೇ ಕೊನೆಗೆ ಉಳಿಯಿತು. ೧೮೮೧ರಲ್ಲಿ ಬಂದುದು ಅದರಲ್ಲಿ ಅಡಗಿತು. ಡಾಲ್‌ಹೌಸಿಯ ಕಾಲದ ನಿಶ್ಚಯಕ್ಕೆ ಸುಮಾರು ನೂರ ನಲವತ್ತು ವರ್ಷಗಳ ಮೇಲೆ ನೆಲವು ಒಪ್ಪಿಗೆ ಕೊಟ್ಟಂತಾಯಿತು. ೨೦೦೩ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ನೈಋತ್ಯ ರೈಲ್ವೆಯು ಏರ್ಪಟ್ಟು ಬೆಂಗಳೂರು ಅದರ ಒಂದು ವಿಭಾಗವಾಯಿತು.

೭. ನೆಲದೊಳಗಿನ ಸಂಧಿ

ಇಷ್ಟಕ್ಕೆ ಚರಿತ್ರೆಯು ಮುಗಿಯುವಂತಿದ್ದಿತು. ಆದರೆ ೨೦೦೬ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಮೆಟ್ರೋ ರೈಲಿಗೆ ಅಸ್ತಿಭಾರ ಬಿದ್ದಿತು. ಮೂಡಣ ಪಡುವಣಕ್ಕೆ ಹೋಗುವ ನೇರಳೆ ಮಾರ್ಗ, ಬಡಗಣ ತೆಂಕಣಕ್ಕೆ ಹೋಗುವ ಹಸಿರು ಮಾರ್ಗ, ಎರಡೂ ಸೇರಿ ಮೊದಲ ಹಂತದಲ್ಲಿ ಸುಮಾರು ೪೨ ಕಿಲೋಮೀಟರು. ಎರಡೂ ಅಡ್ಡಹಾಯುವ ಸ್ಥಳವಾಗಿ ಮೆಜೆಸ್ಟಿಕ್ ಅನ್ನು ಆರಿಸಿದರು. ರೈಲೂ ಬಸ್ಸೂ ಆಗಲೇ ಅಲ್ಲಿದ್ದುವು. ಮೂರನೆಯದಕ್ಕೆ ಬೇರೆ ಸ್ಥಳವನ್ನು ಹುಡುಕುವ ಕಾರಣವಿರಲಿಲ್ಲ.

ಆ ಕೆಲಸವು ನೆಲದ ಕೆಳಗೆ ನಡೆಯಿತು. ಚಿಕ್ಕಪೇಟೆಯ ಕಡೆಯಿಂದ ಮೆಜೆಸ್ಟಿಕ್ಕಿನ ಕಡೆಗೆ ಸುರಂಗ ಕೊರೆದ ಯಂತ್ರಗಳಿಗೆ ಗೋದಾವರಿ, ಕೃಷ್ಣಾ ಎಂದು ನದಿಗಳ ಹೆಸರನ್ನು ಇಟ್ಟಿದ್ದರು. ನದಿಯಿಲ್ಲದ ಊರಿನಲ್ಲಿ, ಬತ್ತಿದ ಕೆರೆಯ ಆಸುಪಾಸಿನಲ್ಲಿ, ನದಿಗಳ ಹೆಸರಿನ ಯಂತ್ರಗಳು ಮಣ್ಣನ್ನೂ ಬಂಡೆಯನ್ನೂ ಸೀಳುತ್ತ ಬಂದುವು. ೨೦೧೬ರ ಏಪ್ರಿಲ್ ಕೊನೆಯಲ್ಲಿ ನೇರಳೆ ಮಾರ್ಗದ ಸುರಂಗಭಾಗವು ತೆರೆಯಿತು. ೨೦೧೭ರ ಜೂನ್‌ನಲ್ಲಿ ಹಸಿರು ಮಾರ್ಗವೂ ಬಂದು ಸೇರಿತು. ಒಂದು ಮಾರ್ಗದಿಂದ ಇನ್ನೊಂದು ಮಾರ್ಗಕ್ಕೆ ನಿಲ್ದಾಣದ ಒಳಗೇ ಹತ್ತಿ ಇಳಿದು ಗಾಡಿ ಬದಲಿಸುವ ಏರ್ಪಾಡು ಆಯಿತು.

ಈ ಹೊಸ ರೈಲಿನ ಗೇಜನ್ನು ನೋಡಿದರೆ ಚರಿತ್ರಾಭ್ಯಾಸಿಗೆ ಅಚ್ಚರಿಯಾಗದೆ ಇರದು. ಅದು ಬ್ರಾಡ್‌ಗೇಜೂ ಅಲ್ಲ, ಮೀಟರ್‌ಗೇಜೂ ಅಲ್ಲ. ನಾಲ್ಕು ಅಡಿ ಎಂಟೂವರೆ ಅಂಗುಲದ ಸ್ಟ್ಯಾಂಡರ್ಡ್ ಗೇಜು. ನೂರಕ್ಕೂ ಮಿಕ್ಕ ವರ್ಷಗಳ ಬಳಿಕ ಒಂದಾದ ಸ್ಥಳಕ್ಕೆ ಇಪ್ಪತ್ತೈದು ವರ್ಷ ಕಳೆಯುವುದರೊಳಗೆ ಬೇರೊಂದು ಅಳತೆ ಬಂದು ನೆರೆಯಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ನಗರರೈಲು ದೇಶದ ರೈಲಿನೊಡನೆ ಹಳಿಯನ್ನು ಹಂಚಿಕೊಳ್ಳಬೇಕಾದುದಿಲ್ಲ. ಆದರೂ ಪ್ರಯಾಣಿಕನ ದೃಷ್ಟಿಯಿಂದ ನೋಡಿದರೆ ೧೮೮೨ರ ಪ್ರಸಂಗವೇ ಮರಳಿ ಬಂದಂತಿದೆ. ಹುಬ್ಬಳ್ಳಿಯಿಂದ ರಾತ್ರಿಯ ಗಾಡಿಯಲ್ಲಿ ಬಂದು ಬೆಳಗ್ಗೆ ಇಳಿದವನು ತನ್ನ ಚೀಲವನ್ನು ಹೆಗಲಿಗೇರಿಸಿಕೊಂಡು ಮೆಟ್ಟಲು ಹತ್ತಿ ಇಳಿದು, ಮತ್ತೊಂದು ನಿಲ್ದಾಣಕ್ಕೆ ನಡೆದು, ಮತ್ತೊಂದು ಚೀಟಿಯನ್ನು ಪಡೆದು, ಮತ್ತೊಂದು ಕಂಬಿಯ ಗಾಡಿಯನ್ನು ಹತ್ತುತ್ತಾನೆ. ಇಂಜಿನಿಯರರು ಎಷ್ಟು ಹತ್ತಿರಕ್ಕೆ ತಂದರೂ ಕಡೆಯ ಕೆಲವು ನೂರು ಹೆಜ್ಜೆಗಳನ್ನು ಕೂಡಿಸುವ ಕೆಲಸವು ಅವನ ಕಾಲಿಗೇ ಉಳಿದಿದೆ.

೮. ಹೆಸರುಗಳ ಸಾಕ್ಷ್ಯ

ಈ ಸ್ಥಳದ ಹೆಸರುಗಳನ್ನು ಒಂದರ ಮುಂದೆ ಒಂದನ್ನು ಇಟ್ಟು ನೋಡಿದರೆ ಅದೇ ಒಂದು ಶಾಸನದಂತೆ ಓದಿಕೊಳ್ಳುತ್ತದೆ. ಕೆರೆ ಧರ್ಮಾಂಬುಧಿ, ಅದರ ಮೈದಾನ ಸುಭಾಷ್‌ನಗರ, ರೈಲು ನಿಲ್ದಾಣವು ಮೊದಲು ಬೆಂಗಳೂರು ಸಿಟಿ, ೨೦೧೫–೧೬ರಿಂದ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ನಿಲ್ದಾಣ, ಬಸ್ ನಿಲ್ದಾಣಕ್ಕೂ ಮೆಟ್ರೋ ನಿಲ್ದಾಣಕ್ಕೂ ಕೆಂಪೇಗೌಡನ ಹೆಸರು. ಸಂಗೊಳ್ಳಿ ರಾಯಣ್ಣನನ್ನು ಕಂಪೆನಿ ಸರ್ಕಾರವು ನಂದಗಡದಲ್ಲಿ ನೇಣಿಗೇರಿಸಿದುದು ೧೮೩೧ರ ಜನವರಿಯಲ್ಲಿ. ಅದೇ ವರ್ಷದಲ್ಲಿಯೇ ಆ ಸರ್ಕಾರವು ಮೈಸೂರಿನ ಆಡಳಿತವನ್ನೂ ಕೈಗೆ ತೆಗೆದುಕೊಂಡಿತು. ಕಿತ್ತೂರು ನಾಡಿನ ವೀರನ ಹೆಸರು ಬೆಂಗಳೂರಿನ ನಿಲ್ದಾಣಕ್ಕೆ ಬಂದುದು ನಾಡಿನ ಏಕೀಕರಣದ ಒಂದು ಫಲವೆಂದು ತಿಳಿಯಬಹುದು. ಯಲಹಂಕದ ಪ್ರಭುವೂ ಸಂಗೊಳ್ಳಿಯ ವೀರನೂ ಇಂದು ಕೆಲವೇ ಹೆಜ್ಜೆಗಳ ಅಂತರದಲ್ಲಿದ್ದಾರೆ.

ಇಷ್ಟಾದರೂ ಜನರ ಬಾಯಲ್ಲಿ ನಿಂತಿರುವುದು ಮೆಜೆಸ್ಟಿಕ್ ಎಂಬ ಪರಭಾಷೆಯ ಶಬ್ದ. ಆ ಹೆಸರನ್ನು ಕೊಟ್ಟ ಚಿತ್ರಮಂದಿರವೂ ಈಗ ಇಲ್ಲ. ಸರ್ಕಾರವು ಇಟ್ಟ ಹೆಸರು ಫಲಕದಲ್ಲಿರುತ್ತದೆ, ಜನರು ಇಟ್ಟ ಹೆಸರು ಬಾಯಲ್ಲಿರುತ್ತದೆ. ಇವೆರಡರಲ್ಲಿಯೂ ಇಲ್ಲದ ಹೆಸರು ಒಂದೇ: ಈ ಎಲ್ಲವೂ ಯಾವ ನೀರಿನ ದಡದಲ್ಲಿ ಆರಂಭವಾದುವೋ ಆ ನೀರಿನ ಹೆಸರು. ಮಳೆ ಜೋರಾಗಿ ಬಂದಾಗ ತಗ್ಗಿಗೆ ನೀರು ನುಗ್ಗಿತೆಂದು ನಗರದಲ್ಲಿ ಗೊಣಗುವುದುಂಟು. ನೀರಿಗೆ ಫಲಕವನ್ನು ಓದಲು ಬಾರದು. ಅದಕ್ಕೆ ತಿಳಿದಿರುವುದು ಇಳಿಜಾರು ಮಾತ್ರ.

ಮೇಲೆ ಹೇಳಿದುದರಿಂದ ಇಷ್ಟು ಸಿದ್ಧವಾಗುತ್ತದೆ. ಬೆಂಗಳೂರಿನ ಕೂಡುನಿಲ್ದಾಣವು ಒಬ್ಬರ ಸಂಕಲ್ಪದಿಂದ ಆದುದಲ್ಲ. ಎರಡು ಆಡಳಿತಗಳು, ಎರಡು ಊರುಗಳು, ಎರಡು ಅಳತೆಗಳು ಒಂದು ಕೆರೆಯ ಬಳಿ ಎದುರಾದುದರಿಂದ ಆದುದು. ದಂಡಿನ ರೈಲು ಪೇಟೆಗೆ ಬರಲು ಹದಿನೆಂಟು ವರ್ಷ ಬೇಕಾಯಿತು; ಕಿರಿದಾದ ಕಂಬಿಯು ಅಗಲವಾದುದರಲ್ಲಿ ಸೇರಲು ನೂರಕ್ಕೂ ಮಿಕ್ಕ ವರ್ಷ ಬೇಕಾಯಿತು; ಕೆರೆಯು ಮರೆಯಾಗಲು ಅದಕ್ಕಿಂತ ಕಡಿಮೆ ಕಾಲವೇ ಸಾಕಾಯಿತು. ಪದಗಳ ಸಂಧಿಯಲ್ಲಿ ಲೋಪವಾದ ವರ್ಣವನ್ನು ಪದವಿಂಗಡಿಸಿ ಮರಳಿ ತೋರಿಸುವುದು ಅಧ್ಯಾಪಕನ ಕರ್ತವ್ಯ. ಹಾಗೆ ತೋರಿಸದಿದ್ದರೆ ವಿದ್ಯಾರ್ಥಿಗೆ ಅರ್ಥವೇ ಆಗದು. ಊರಿನ ಚರಿತ್ರೆಯಲ್ಲಿಯೂ ಕರ್ತವ್ಯವು ಅದೇ. ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸುವವರಿಗೆ ಕೆರೆಯನ್ನು ಮರಳಿ ಕೊಡಲಾಗದು. ನಿಲ್ದಾಣದ ಗೋಡೆಯ ಮೇಲೆ ಧರ್ಮಾಂಬುಧಿಯೆಂಬ ನಾಲ್ಕಕ್ಷರವನ್ನು ಬರೆಯಿಸುವುದು ಮಾತ್ರ ಕಷ್ಟದ ಕೆಲಸವಲ್ಲ. ದೀರ್ಘವಾಗಿ ಕೂಡಿರುವ ಆ ಹೆಸರಿನಲ್ಲಾದರೂ ಎರಡು ಪದಗಳು ಒಂದನ್ನೊಂದು ಕಳೆದುಕೊಳ್ಳದೆ ಸೇರಿವೆ.